ತವರು ತಪ್ಪಿದ ಮೇಲೂ ಬದುಕಿದ ಕೋಡ್

ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು, ವಾರಾಂತ್ಯದಲ್ಲೂ ಕಂಪ್ಯೂಟರಿನ ಮಾತನ್ನೇ ಕೇಳಲು ಬಂದಿದ್ದೀರಿ. ನಿಮ್ಮ ತಾಳ್ಮೆಗೆ ಮೊದಲು ವಂದನೆ.

ಇವತ್ತು ನಾನು ಹೇಳಹೊರಟಿರುವುದು ಒಂದು ತಂತ್ರಾಂಶದ ಚರಿತ್ರೆ. ಅದರ ಹೆಸರು ಝಡ್‌ಎಫ್‌ಎಸ್. ಡಿಸ್ಕುಗಳ ಮೇಲೆ ಮಾಹಿತಿಯನ್ನು ಕಾಪಾಡುವ ಫೈಲ್ ಸಿಸ್ಟಮ್ ಅದು. ವರ್ಚುವಲ್ ಮಷೀನ್‌ಗಳಿಗೆ ಡಿಸ್ಕ್ ಒದಗಿಸುವ ಕೆಲಸವನ್ನೂ ಮಾಡುತ್ತದೆ. ಅದು ಹುಟ್ಟಿದ್ದು ಕೊಲ್ಲಿಯ ಆ ಕಡೆ, ಮೆನ್ಲೋ ಪಾರ್ಕ್‌ನ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ. ಅದರ ಬದುಕಿನ ಮುಖ್ಯ ತಿರುವು ನಡೆದದ್ದು ನಮ್ಮ ನೆರೆಯಲ್ಲಿ. ಡಬ್ಲಿನ್‌ನಿಂದ 580ರಲ್ಲಿ ಪೂರ್ವಕ್ಕೆ ಹೊರಟರೆ ಸಿಗುವ ಲಿವರ್‌ಮೋರ್‌ನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ನಮ್ಮಲ್ಲಿ ಅನೇಕರು ಆ ಪ್ರಯೋಗಾಲಯವನ್ನು ಅಣ್ವಸ್ತ್ರ ಸಂಶೋಧನೆಗೆ ಮಾತ್ರ ಬಲ್ಲೆವು. ಇವತ್ತು ಲೆಕ್ಕವಿಲ್ಲದಷ್ಟು ಲಿನಕ್ಸ್ ಸರ್ವರ್‌ಗಳಲ್ಲಿ ಓಡುತ್ತಿರುವ ಶೇಖರಣೆಯ ಕೋಡ್ ಅಲ್ಲಿಂದಲೇ ಬಂದಿತು ಎಂಬುದು ಹೆಚ್ಚು ಜನಕ್ಕೆ ತಿಳಿಯದು.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ಕೋಡನ್ನು ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಒಯ್ಯುವುದು ಅರ್ಧ ಕೆಲಸ ಮಾತ್ರ. ಒಯ್ದ ಪ್ರತಿಗಳು ದೂರ ದೂರ ಬೆಳೆದು ಒಂದಕ್ಕೊಂದು ಅಪರಿಚಿತವಾಗದಂತೆ ನೋಡಿಕೊಳ್ಳುವುದು ಉಳಿದರ್ಧ. ಕಷ್ಟ ಇರುವುದು ಅಲ್ಲೇ.

ಪರೀಕ್ಷೆಗೆ ಮಾಡಿದ್ದು ಪಯಣಕ್ಕೆ ಒದಗಿತು

2001ರಲ್ಲಿ ಸನ್ ಕಂಪನಿಯ ಜೆಫ್ ಬಾನ್‌ವಿಕ್ ಮತ್ತು ಆಗಷ್ಟೇ ಕಾಲೇಜು ಮುಗಿಸಿ ಬಂದಿದ್ದ ಮ್ಯಾಥ್ಯೂ ಆರೆನ್ಸ್ ಈ ಕೆಲಸ ಶುರು ಮಾಡಿದರು. 2005ರ ನವೆಂಬರ್‌ನಲ್ಲಿ ಅದು ಓಪನ್‌ಸೋಲಾರಿಸ್‌ನ ಭಾಗವಾಗಿ ಮುಕ್ತವಾಗಿ ಹೊರಬಂತು. ಅದಕ್ಕೆ ಕೊಟ್ಟ ಲೈಸೆನ್ಸ್ ಸನ್‌ನದೇ ಆದ ಸಿಡಿಡಿಎಲ್. ಈ ನಾಲ್ಕು ಅಕ್ಷರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈ ಕೋಡಿನಲ್ಲಿ ಮೂರು ಅಂತಸ್ತುಗಳಿವೆ. ಎಲ್ಲಕ್ಕಿಂತ ಕೆಳಗಿನದು ಡಿಸ್ಕುಗಳನ್ನೆಲ್ಲ ಒಂದು ಪೂಲ್ ಆಗಿ ಕೂಡಿಸಿ, ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಟ್ಟು ಕಾಯುತ್ತದೆ. ನಡುವಿನದು ಆ ಬ್ಲಾಕುಗಳನ್ನು ಆಬ್ಜೆಕ್ಟ್‌ಗಳಾಗಿ ಜೋಡಿಸುತ್ತದೆ. ಮೇಲಿನ ಅಂತಸ್ತಿನಲ್ಲಿ ಎರಡು ಬಾಗಿಲು: ಒಂದರಿಂದ ಹೋದರೆ ನಮಗೆ ಪರಿಚಿತವಾದ ಫೈಲು, ಫೋಲ್ಡರುಗಳು, ಇನ್ನೊಂದರಿಂದ ಹೋದರೆ ಝಡ್‌ವಾಲ್, ಅಂದರೆ ಬರಿಯ ಡಿಸ್ಕಿನಂತೆ ಕಾಣುವ ಒಂದು ಸಾಧನ. ವರ್ಚುವಲ್ ಮಷೀನ್‌ಗೆ ಬೇಕಾದದ್ದು ಈ ಎರಡನೆಯದು. ಅತಿಥಿಯಾಗಿ ಬಂದ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಅದನ್ನು ನಿಜವಾದ ಡಿಸ್ಕ್ ಎಂದೇ ನಂಬುತ್ತದೆ. ಕೆಳಗಿರುವ ಝಡ್‌ಎಫ್‌ಎಸ್ ಹಳೆಯ ಬ್ಲಾಕಿನ ಮೇಲೆ ಎಂದೂ ಬರೆಯದೆ, ಹೊಸ ಜಾಗದಲ್ಲಿ ಬರೆದು ಆಮೇಲೆ ಗುರುತು ಬದಲಿಸುತ್ತದೆ. ಆದ್ದರಿಂದ ಇಡೀ ಮಷೀನಿನ ಡಿಸ್ಕಿನ ಸ್ನ್ಯಾಪ್‌ಶಾಟ್ ಕ್ಷಣಮಾತ್ರದಲ್ಲಿ ಸಿಗುತ್ತದೆ. ಅಪ್‌ಗ್ರೇಡ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು.

ಸನ್‌ನಲ್ಲಿ ಎರಡು ಬಗೆಯ ಯಂತ್ರಗಳಿದ್ದವು: ಸ್ಪಾರ್ಕ್ ಮತ್ತು ಎಕ್ಸ್86. ಒಂದು ಸಂಖ್ಯೆಯ ಬೈಟುಗಳನ್ನು ಎಡದಿಂದ ಬರೆದರೆ ಇನ್ನೊಂದು ಬಲದಿಂದ ಬರೆಯುತ್ತದೆ. ಝಡ್‌ಎಫ್‌ಎಸ್ ಬರೆಯುವಾಗ ಆ ಯಂತ್ರದ ಕ್ರಮದಲ್ಲೇ ಬರೆದು, ಯಾವ ಕ್ರಮ ಎಂಬುದಕ್ಕೆ ಒಂದು ಗುರುತು ಹಾಕಿಡುತ್ತದೆ. ಓದುವ ಯಂತ್ರ ಬೇಕಿದ್ದರೆ ತಿರುಗಿಸಿಕೊಳ್ಳುತ್ತದೆ. ಹೀಗಾಗಿ ಡಿಸ್ಕುಗಳನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೂ ಮಾಹಿತಿ ಓದಲು ಬರುತ್ತಿತ್ತು.

ಇನ್ನೊಂದು ನಿರ್ಧಾರ ಇದಕ್ಕಿಂತ ಮುಖ್ಯವಾಯಿತು. ಕರ್ನಲ್ ಒಳಗೆ ಓಡುವ ಕೋಡನ್ನು ಪರೀಕ್ಷಿಸುವುದು ಕಷ್ಟ. ತಪ್ಪಿದರೆ ಇಡೀ ಯಂತ್ರ ಬೀಳುತ್ತದೆ. ಆದ್ದರಿಂದ ಅವರು ಇದೇ ಕೋಡನ್ನು ಕರ್ನಲ್ ಹೊರಗೆ, ಸಾಮಾನ್ಯ ಪ್ರೋಗ್ರಾಮಿನಂತೆಯೂ ಓಡಿಸುವ ವ್ಯವಸ್ಥೆ ಮಾಡಿಕೊಂಡರು. ಹಾಗೆ ಮಾಡಬೇಕಾದರೆ ಕೋಡ್ ಕರ್ನಲ್‌ನಿಂದ ಏನೇನು ಕೇಳುತ್ತದೆ ಎಂಬುದರ ಪಟ್ಟಿ ಸ್ಪಷ್ಟವಾಗಿರಬೇಕು: ಮೆಮೊರಿ, ಬೀಗ, ಥ್ರೆಡ್, ಗಡಿಯಾರ. ಪರೀಕ್ಷೆಗೆಂದು ಮಾಡಿದ ಈ ಏರ್ಪಾಡು ಮುಂದೆ ಬೇರೆ ಊರಿಗೆ ಹೊರಡುವವರ ಕೈಗೆ ಸಾಮಾನಿನ ಪಟ್ಟಿಯಂತೆ ಒದಗಿತು.

ಊರಿನ ಮಿಕ್ಸಿ, ಇಲ್ಲಿನ ಕರೆಂಟು

2006ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ರಿಕಾರ್ಡೊ ಕೊರೇಯಾ ಎಂಬ ವಿದ್ಯಾರ್ಥಿ ಅದನ್ನು ಲಿನಕ್ಸ್‌ಗೆ ತಂದ. ಆದರೆ ಕರ್ನಲ್ ಹೊರಗೆ, ಫ್ಯೂಸ್ ಮೂಲಕ, ಆದ್ದರಿಂದ ನಿಧಾನ. 2007ರ ಏಪ್ರಿಲ್‌ನಲ್ಲಿ ಪೋಲೆಂಡಿನ ಪಾವೆಲ್ ಯಾಕುಬ್ ದಾವಿದೆಕ್ ಅದನ್ನು ಫ್ರೀಬಿಎಸ್‌ಡಿ ಕರ್ನಲ್ ಒಳಗೇ ಸೇರಿಸಿದರು. ಅದೇ ವರ್ಷ ಆಪಲ್‌ನ ಲೆಪರ್ಡ್‌ನಲ್ಲಿ ಓದಲು ಮಾತ್ರ ಬರುವ ಝಡ್‌ಎಫ್‌ಎಸ್ ಬಂತು. 2009ರ ಅಕ್ಟೋಬರ್‌ನಲ್ಲಿ ಆಪಲ್ ಆ ಯೋಜನೆಯನ್ನೇ ಕೈಬಿಟ್ಟಿತು. ಒಂದು ಕಂಪನಿಯ ಕೈಯಲ್ಲಿ ಮಾತ್ರ ಇರುವ ಪ್ರತಿಯ ಆಯಸ್ಸು ಎಷ್ಟು ಎಂಬುದಕ್ಕೆ ಅದು ಮೊದಲ ಸೂಚನೆ.

ಲಿವರ್‌ಮೋರ್‌ನವರ ಅಗತ್ಯ ಬೇರೆ. ಸೂಪರ್‌ಕಂಪ್ಯೂಟರುಗಳಿಗೆ ಅವರು ಬಳಸುತ್ತಿದ್ದ ಲಸ್ಟರ್ ಎಂಬ ವ್ಯವಸ್ಥೆಯ ಅಡಿಯಲ್ಲಿದ್ದ ಲಿನಕ್ಸ್ ಫೈಲ್ ಸಿಸ್ಟಮ್, ಮುಂದೆ ಬರಲಿದ್ದ ಯಂತ್ರದ ಗಾತ್ರಕ್ಕೆ ಸಾಲುವಂತಿರಲಿಲ್ಲ. ಅವರಿಗೆ ಚೆಕ್‌ಸಮ್ ಬೇಕಿತ್ತು, ದೊಡ್ಡ ಪೂಲ್ ಬೇಕಿತ್ತು, ಮತ್ತು ಅದು ಲಿನಕ್ಸ್‌ನಲ್ಲೇ ಓಡಬೇಕಿತ್ತು. 2008ರಲ್ಲಿ ಅಲ್ಲಿನ ಬ್ರಯಾನ್ ಬೆಲೆನ್‌ಡಾರ್ಫ್ ಝಡ್‌ಎಫ್‌ಎಸ್ ಅನ್ನು ಲಿನಕ್ಸ್ ಕರ್ನಲ್ ಒಳಗೆ ತರುವ ಕೆಲಸ ಆರಂಭಿಸಿದರು.

ಅವರ ಉಪಾಯ ನಮಗೆ ಅಪರಿಚಿತವೇನಲ್ಲ. ಊರಿನಿಂದ ಮಿಕ್ಸಿ ಹೊತ್ತು ತಂದವರು ಏನು ಮಾಡುತ್ತೇವೆ? ಅಲ್ಲಿನದು 230 ವೋಲ್ಟ್, ಇಲ್ಲಿನದು 120. ಮಿಕ್ಸಿ ಬಿಚ್ಚಿ ಮೋಟಾರು ಬದಲಿಸುವುದಿಲ್ಲ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡುತ್ತೇವೆ. ಎಸ್‌ಪಿಎಲ್, ಅಂದರೆ ಸೋಲಾರಿಸ್ ಪೋರ್ಟಿಂಗ್ ಲೇಯರ್, ಅಂಥದ್ದೇ ಟ್ರಾನ್ಸ್‌ಫಾರ್ಮರ್. ಝಡ್‌ಎಫ್‌ಎಸ್ ಸೋಲಾರಿಸ್‌ನ ಭಾಷೆಯಲ್ಲಿ ಬೀಗ ಕೇಳಿದರೆ, ಎಸ್‌ಪಿಎಲ್ ಲಿನಕ್ಸ್‌ನ ಬೀಗ ತಂದುಕೊಡುತ್ತದೆ. ಮೂಲ ಕೋಡನ್ನು ಆದಷ್ಟು ಮುಟ್ಟುವುದಿಲ್ಲ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಊರಿನ 50 ಹರ್ಟ್ಸ್ ಇಲ್ಲಿ 60 ಆಗಿಯೇ ಉಳಿಯುತ್ತದೆ. ಇಲ್ಲೂ ಹಾಗೆಯೇ ಆಯಿತು. ಲಿನಕ್ಸ್ ಕರ್ನಲ್‌ನಲ್ಲಿ ಆಗ ಒಂದು ಥ್ರೆಡ್‌ಗೆ ಸಿಗುತ್ತಿದ್ದ ಸ್ಟ್ಯಾಕ್ 8 ಕಿಲೋಬೈಟ್. ಸೋಲಾರಿಸ್‌ನಲ್ಲಿ ಅದಕ್ಕಿಂತ ಧಾರಾಳ. ಸೋಲಾರಿಸ್ ಕರ್ನಲ್ ದೊಡ್ಡ ದೊಡ್ಡ ಮೆಮೊರಿ ತುಂಡುಗಳನ್ನು ಸಲೀಸಾಗಿ ಕೊಡುತ್ತಿತ್ತು. ಲಿನಕ್ಸ್ ಅದನ್ನು ಒಪ್ಪುವ ಸ್ವಭಾವದ್ದಲ್ಲ. ಇವಕ್ಕೆ ನಡುವಿನ ಪದರ ಸಾಲದು. ಫಂಕ್ಷನ್‌ಗಳನ್ನು ಒಂದೊಂದಾಗಿ ನೋಡಿ ಸ್ಟ್ಯಾಕ್ ಉಳಿಸಬೇಕಾಯಿತು. ಮೆಮೊರಿಯ ವಿಷಯ ಸರಿಹೋಗಲು 2017ರ 0.7 ಆವೃತ್ತಿಯವರೆಗೆ ಕಾಯಬೇಕಾಯಿತು.

ಲಸ್ಟರ್‌ಗೆ ಫೈಲು, ಫೋಲ್ಡರಿನ ಬಾಗಿಲು ಬೇಡವಾಗಿತ್ತು. ಅದು ನೇರವಾಗಿ ನಡುವಿನ ಅಂತಸ್ತಿನ ಜೊತೆ ಮಾತಾಡುತ್ತದೆ. ಆದ್ದರಿಂದ ಲಿವರ್‌ಮೋರ್‌ನ ಮೊದಲ ಆವೃತ್ತಿಗಳಲ್ಲಿ ಝಡ್‌ವಾಲ್ ಇತ್ತು, ಸಾಮಾನ್ಯ ಫೈಲ್ ಸಿಸ್ಟಮ್ ಇರಲಿಲ್ಲ. ವರ್ಚುವಲ್ ಮಷೀನ್‌ಗೆ ಬೇಕಾದ ಬಾಗಿಲು ಮೊದಲು ತೆರೆಯಿತು. 2010ರಲ್ಲಿ ಪುಣೆಯ ಕೆಕ್ಯೂ ಇನ್ಫೋಟೆಕ್ ಎಂಬ ಸಣ್ಣ ಕಂಪನಿ ಲಿವರ್‌ಮೋರ್ ಕೋಡಿನ ಮೇಲೆ ಆ ಇನ್ನೊಂದು ಬಾಗಿಲನ್ನೂ ಕಟ್ಟಿತು. 2012ರ ಜೂನ್‌ನಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿಕೊಂಡದ್ದು ಲಿವರ್‌ಮೋರ್‌ನ ಸಿಕ್ವೋಯಾ. ಅದರ 55 ಪೆಟಾಬೈಟ್ ಶೇಖರಣೆ ಲಿನಕ್ಸ್‌ನ ಝಡ್‌ಎಫ್‌ಎಸ್ ಮೇಲೆ ನಿಂತಿತ್ತು.

ತವರು ಮುಚ್ಚಿತು

ಈ ನಡುವೆ 2010ರ ಜನವರಿಯಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು. ಡಬ್ಲಿನ್‌ನವರಿಗೆ ಆ ವರ್ಷ ಬೇರೆ ಕಾರಣಕ್ಕೂ ನೆನಪಿರಬಹುದು. ಇಲ್ಲೇ ಮುಖ್ಯ ಕಚೇರಿಯಿದ್ದ ಸೈಬೇಸ್ ಅನ್ನು ಸ್ಯಾಪ್ ಕೊಂಡದ್ದೂ ಆಗಲೇ. ಆಗಸ್ಟ್‌ನಲ್ಲಿ ಒರಾಕಲ್ ಓಪನ್‌ಸೋಲಾರಿಸ್‌ನ ಹೊಸ ಕೋಡನ್ನು ಹೊರಗೆ ಕೊಡುವುದನ್ನು ನಿಲ್ಲಿಸಿತು. ಝಡ್‌ಎಫ್‌ಎಸ್‌ನ ಮುಕ್ತ ಪ್ರತಿಗಳಿಗೆ ತವರಿನ ಬಾಗಿಲು ಮುಚ್ಚಿತು. ಮೂಲ ಲೇಖಕರಲ್ಲಿ ಹಲವರು ಕಂಪನಿ ಬಿಟ್ಟರು.

ಕೋಡ್ ಆಗಲೇ ಹೊರಗಿದ್ದುದರಿಂದ ಉಳಿಯಿತು. ಆದರೆ ಒಂದಾಗಿ ಉಳಿಯಲಿಲ್ಲ. ಓಪನ್‌ಸೋಲಾರಿಸ್‌ನ ಮುಂದುವರಿಕೆಯಾದ ಇಲ್ಲುಮೋಸ್‌ನಲ್ಲಿ ಒಂದು, ಫ್ರೀಬಿಎಸ್‌ಡಿಯಲ್ಲಿ ಒಂದು, ಲಿನಕ್ಸ್‌ನಲ್ಲಿ ಒಂದು, ಮ್ಯಾಕ್‌ನಲ್ಲಿ ಒಂದು. ಅಲ್ಲಿಯವರೆಗೆ ಡಿಸ್ಕಿನ ಮೇಲಿನ ವಿನ್ಯಾಸಕ್ಕೆ 1, 2, 3 ಎಂದು ಆವೃತ್ತಿಯ ಸಂಖ್ಯೆ ಇರುತ್ತಿತ್ತು. ಮುಕ್ತವಾಗಿ ಸಿಕ್ಕ ಕೊನೆಯದು 28. ಇನ್ನು 29 ಯಾರದು? ಒರಾಕಲ್‌ನದೋ, ಇಲ್ಲುಮೋಸ್‌ನದೋ, ಲಿನಕ್ಸ್‌ನದೋ? ಇಬ್ಬರು ಒಂದೇ ಸಂಖ್ಯೆಯನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿದರೆ, ಬಳಕೆದಾರನ ಮಾಹಿತಿಗೇ ಕುತ್ತು.

ಪರಿಹಾರ ಸರಳವಾಗಿತ್ತು. ಸಂಖ್ಯೆಯನ್ನು 5000 ಎಂದು ಒಮ್ಮೆಲೇ ದೂರಕ್ಕೆ ಹಾರಿಸಿ ಅಲ್ಲಿಗೆ ನಿಲ್ಲಿಸಿದರು. ಅದರ ನಂತರ ಪ್ರತಿ ಹೊಸ ಸೌಲಭ್ಯಕ್ಕೂ ಒಂದು ಹೆಸರು. ಡಿಸ್ಕ್ ತೆರೆಯುವಾಗ ಅದರಲ್ಲಿ ಬಳಕೆಯಾಗಿರುವ ಹೆಸರುಗಳೆಲ್ಲ ತನಗೆ ಗೊತ್ತೇ ಎಂದು ಕೋಡ್ ನೋಡುತ್ತದೆ. ಗೊತ್ತಿಲ್ಲದ್ದಿದ್ದರೆ ತೆರೆಯುವುದಿಲ್ಲ, ಅಥವಾ ಅಪಾಯವಿಲ್ಲವೆಂದಾದರೆ ಓದಲು ಮಾತ್ರ ತೆರೆಯುತ್ತದೆ. ಯಾರೂ ಯಾರ ಅನುಮತಿಯನ್ನೂ ಕೇಳದೆ ಬೆಳೆಯಬಹುದು. ಆದರೆ ಒಬ್ಬರ ಡಿಸ್ಕನ್ನು ಇನ್ನೊಬ್ಬರು ತಪ್ಪಾಗಿ ಓದುವಂತಿಲ್ಲ. ತಾಂತ್ರಿಕವಾಗಿ ಸಣ್ಣದಾದ ಈ ಒಪ್ಪಂದವೇ ಒಡೆದ ಮನೆಯವರು ಮತ್ತೆ ಮಾತಾಡುವುದಕ್ಕೆ ನೆಲೆಯಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಓಪನ್‌ಝಡ್‌ಎಫ್‌ಎಸ್ ಯೋಜನೆ ಘೋಷಣೆಯಾಯಿತು.

ಸಂಚಾರ ಒಂದೇ ದಿಕ್ಕಿನದಾಗಿರಲಿಲ್ಲ. ಲಿನಕ್ಸ್‌ನ ಕೆವಿಎಂ ಎಂಬ ವರ್ಚುವಲೈಸೇಶನ್ ಕೋಡನ್ನು 2011ರಲ್ಲಿ ಜಾಯೆಂಟ್ ಕಂಪನಿಯವರು ಇಲ್ಲುಮೋಸ್‌ಗೆ ಒಯ್ದರು, ಝಡ್‌ಎಫ್‌ಎಸ್ ಇರುವಲ್ಲಿಗೇ ವರ್ಚುವಲ್ ಮಷೀನ್‌ಗಳನ್ನು ತರಲೆಂದು.

ಮರಳಿ ಒಂದೇ ಮನೆಗೆ

ಒಪ್ಪಂದವಿದ್ದರೂ ಪ್ರತಿಗಳು ನಾಲ್ಕು. ಒಂದರಲ್ಲಿ ದೋಷ ತಿದ್ದಿದರೆ ಉಳಿದ ಮೂರಕ್ಕೆ ಯಾರಾದರೂ ಕೈಯಾರೆ ಒಯ್ಯಬೇಕು. ಬರಬರುತ್ತ ಬಳಕೆದಾರರೂ ಸಂಬಳ ಕೊಡುವ ಕಂಪನಿಗಳೂ ಲಿನಕ್ಸ್ ಕಡೆಗೆ ಸರಿದರು. 2018ರ ಡಿಸೆಂಬರ್‌ನಲ್ಲಿ ಫ್ರೀಬಿಎಸ್‌ಡಿಯವರು ತಮ್ಮ ಹಳೆಯ ಪ್ರತಿ ಬಿಟ್ಟು ಲಿನಕ್ಸ್‌ನವರ ಕೋಡನ್ನೇ ಆಧಾರವಾಗಿಟ್ಟುಕೊಳ್ಳುತ್ತೇವೆ ಎಂದು ತಿಳಿಸಿದರು. ಹನ್ನೊಂದು ವರ್ಷ ಸಾಕಿದ ಪ್ರತಿಯನ್ನು ಬಿಡುವುದು ಸುಲಭವಲ್ಲ. ಲಿನಕ್ಸ್‌ನವರೂ ಬಾಗಬೇಕಾಯಿತು. ಕೋಡಿನಲ್ಲಿ ಎಲ್ಲರಿಗೂ ಸೇರಿದ್ದು ಒಂದು ಕಡೆ, ಲಿನಕ್ಸ್‌ಗೆ ಮಾತ್ರ ಸೇರಿದ್ದು ಒಂದು ಫೋಲ್ಡರಿನಲ್ಲಿ, ಫ್ರೀಬಿಎಸ್‌ಡಿಗೆ ಸೇರಿದ್ದು ಇನ್ನೊಂದರಲ್ಲಿ ಎಂದು ಬೇರ್ಪಡಿಸಿದರು. 2020ರ ನವೆಂಬರ್ 30ರಂದು ಬಂದ ಓಪನ್‌ಝಡ್‌ಎಫ್‌ಎಸ್ 2.0 ಎರಡಕ್ಕೂ ಒಂದೇ ಕೋಡ್. ಒಂದು ಬದಲಾವಣೆ ಸೇರಬೇಕಾದರೆ ಎರಡೂ ಕಡೆ ಪರೀಕ್ಷೆಯಾಗಬೇಕು. ಮ್ಯಾಕ್ ಮತ್ತು ವಿಂಡೋಸ್ ಪ್ರತಿಗಳ ಕೆಲಸ ಇನ್ನೂ ಪಕ್ಕದಲ್ಲಿ ನಡೆಯುತ್ತಿದೆ.

ಕಥೆ ಸುಖಾಂತ್ಯವೆಂದು ನಾನು ಹೇಳಲಾರೆ. ಆ ನಾಲ್ಕು ಅಕ್ಷರ, ಸಿಡಿಡಿಎಲ್, ಲಿನಕ್ಸ್‌ನ ಜಿಪಿಎಲ್ ಜೊತೆ ಹೊಂದುವುದಿಲ್ಲ ಎಂಬುದು ಬಹಳ ಜನರ ಅಭಿಪ್ರಾಯ. ಆದ್ದರಿಂದ ಲಿನಕ್ಸ್ ಕರ್ನಲ್ ಜೊತೆ ಅದು ಬರುವುದಿಲ್ಲ, ಹೊರಗೇ ಇರುತ್ತದೆ. 2016ರಲ್ಲಿ ಉಬುಂಟು ಅದನ್ನು ಜೊತೆಗೆ ಹಂಚಿದಾಗ ಆಕ್ಷೇಪ ಬಂತು. 2019ರಲ್ಲಿ ಲಿನಕ್ಸ್ 5.0 ಒಂದು ಆಂತರಿಕ ಸೌಲಭ್ಯವನ್ನು ಜಿಪಿಎಲ್ ಅಲ್ಲದ ಮಾಡ್ಯೂಲುಗಳಿಗೆ ಮುಚ್ಚಿತು. ಝಡ್‌ಎಫ್‌ಎಸ್‌ನ ಚೆಕ್‌ಸಮ್ ಲೆಕ್ಕ ನಿಧಾನವಾಗುವ ಸ್ಥಿತಿ ಬಂದು, ಬೇರೆ ದಾರಿ ಹುಡುಕಬೇಕಾಯಿತು. ಕರ್ನಲ್‌ನ ಪ್ರತಿ ಹೊಸ ಆವೃತ್ತಿಗೂ ಯಾರೋ ಕೂತು ಏನು ಬದಲಾಗಿದೆ ನೋಡಿ ಹೊಂದಿಸುತ್ತಾರೆ. ಆ ಕೆಲಸಕ್ಕೆ ಕೊನೆಯಿಲ್ಲ. ಅದು ನಿಂತ ದಿನ ಪೋರ್ಟೆಬಿಲಿಟಿಯೂ ನಿಲ್ಲುತ್ತದೆ.

ಕನ್ನಡದವರಿಗೆ ಈ ಪಾಡು ಹೊಸದಲ್ಲ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೂ ವರ್ಷಗಟ್ಟಲೆ ನಾವು ಬರೆದದ್ದು ಒಂದೊಂದು ತಂತ್ರಾಂಶದ ಒಂದೊಂದು ಫಾಂಟಿಗೆ ಕಟ್ಟಿಬಿದ್ದಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರಗಳ ಕಸ. ನಮ್ಮ ಸಂಘಗಳ ಹಳೆಯ ಸಂಚಿಕೆಗಳು, ಸ್ಮರಣಿಕೆಗಳು ಎಷ್ಟೋ ಇನ್ನೂ ಹಾಗೇ ಬಿದ್ದಿವೆ. ಅವನ್ನು ಓದಿಸುವ ಪರಿವರ್ತಕಗಳನ್ನು ಬರೆದವರೂ ಯಾರೋ ಕೂತು ಒಂದೊಂದೇ ಒತ್ತಕ್ಷರ ಹೊಂದಿಸಿದವರೇ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ನಿಮ್ಮ ಮಾಹಿತಿ ಎಲ್ಲೇ ಇರಲಿ, ಮನೆಯ ಫೋಟೋಗಳಾಗಲಿ, ಕಚೇರಿಯ ವರ್ಚುವಲ್ ಮಷೀನ್‌ಗಳಾಗಲಿ, ಅದನ್ನು ಇನ್ನೊಂದು ಯಂತ್ರದಲ್ಲಿ ಇನ್ನೊಂದು ವ್ಯವಸ್ಥೆಯಲ್ಲಿ ತೆರೆದು ನೋಡಿ. ತೆರೆದರೆ ಮಾತ್ರ ಅದು ನಿಮ್ಮದು. ಎರಡನೆಯದು, ಕೋಡ್ ಬರೆಯುವವರಿಗೆ. ನೀವು ಬಳಸುವ ಮುಕ್ತ ತಂತ್ರಾಂಶಕ್ಕೆ ನಿಮ್ಮ ಕಂಪನಿಯ ಒಳಗೇ ಒಂದು ತಿದ್ದುಪಡಿ ಮಾಡಿಕೊಂಡಿದ್ದರೆ, ಅನುಮತಿ ಪಡೆದು ಅದನ್ನು ಮೂಲಕ್ಕೆ ಹಿಂತಿರುಗಿಸಿ. ಕಂಪನಿಗಳು ಮಾರಾಟವಾಗುತ್ತವೆ, ನಮ್ಮ ಬ್ಯಾಡ್ಜುಗಳು ಬದಲಾಗುತ್ತವೆ. ಸನ್‌ನ ಮೆನ್ಲೋ ಪಾರ್ಕ್ ಆವರಣದಲ್ಲಿ ಈಗ ಮೆಟಾ (ಮೊದಲಿನ ಫೇಸ್‌ಬುಕ್) ಇದೆ. ಅಲ್ಲಿ ಬರೆದ ಕೋಡ್ ಮಾತ್ರ ಹೊರಗೆ ಕೊಟ್ಟಿದ್ದರಿಂದ, ಹಾಗೆಯೇ ಹೊರಗಿನವರು ಅದನ್ನು ಮತ್ತೆ ಕೂಡಿಸಿದ್ದರಿಂದ ಇವತ್ತೂ ಕೆಲಸ ಮಾಡುತ್ತಿದೆ.