ಕೋಟೆಯ ಮಗ್ಗುಲಿನ ದೇವಾಲಯ: ಮಂಗಳೂರಿನ ರೊಸಾರಿಯೊ ಮತ್ತು ಅರಸರ ಲಾಂಛನದ ಕಲ್ಲು

ಬಾಬಾಬುಡನ್‌ಗಿರಿಯ ತಪ್ಪಲಿನ ಲಿಂಗದಹಳ್ಳಿ, ತರೀಕೆರೆಗಳ ಕಡೆಯಿಂದ ನೋಡುವವರಿಗೆ ಪೋರ್ಚುಗೀಸರ ಚರ್ಚು ಎಂಬುದು ಘಟ್ಟದ ಕೆಳಗಿನ ಮಾತು. ಅವರ ಅಧಿಕಾರ ಕರಾವಳಿಯ ಬಂದರುಗಳನ್ನು ಬಿಟ್ಟು ಮಲೆನಾಡಿಗೆ ಹತ್ತಲಿಲ್ಲ. ಆದರೆ ಕಾಫಿ ತೋಟಗಳ ಕಾಲದಲ್ಲಿ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಧರ್ಮಕೇಂದ್ರ ಹೇಗಿರಬೇಕೆಂಬ ಕಲ್ಪನೆಯನ್ನು ಕರಾವಳಿಯಿಂದಲೇ ತಂದವು. ಆದುದರಿಂದ 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಚರಿತ್ರೆಯನ್ನು ಅರಿಯಬಯಸುವವರೂ ಒಮ್ಮೆ ಮಂಗಳೂರಿನ ಜಪಸರ ಮಾತೆಯ ದೇವಾಲಯದ ಬಾಗಿಲಿಗೆ ಹೋಗಬೇಕಾಗುತ್ತದೆ.

ಈ ದೇವಾಲಯದ ಹುಟ್ಟು 1568ರದು. ವೈಸರಾಯ್ ಆಂತಾವೊ ದೆ ನೊರೋನ್ಹನ ಪಡೆ ಉಳ್ಳಾಲದ ರಾಣಿಯೊಡನೆ ಕಾದಾಡಿದ ಮೇಲೆ ಪೋರ್ಚುಗೀಸರು ಮಂಗಳೂರಿನಲ್ಲಿ ಸಂತ ಸೆಬಾಸ್ತಿಯನ್ನರ ಹೆಸರಿನ ಕೋಟೆಯನ್ನು ಕಟ್ಟಿದರು. ದೇವಾಲಯ ಆ ಕೋಟೆಯ ಜೊತೆಗೇ ಬಂದಿತು. ಜುಬಿಲಿ ಸಂಚಿಕೆಗಳು ಈ ಸಂಗತಿಯನ್ನು ಅರ್ಧ ವಾಕ್ಯದಲ್ಲಿ ದಾಟಿಸಿಬಿಡುತ್ತವೆ. ಹಾಗೆ ದಾಟಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಉಳ್ಳಾಲದ ಅಬ್ಬಕ್ಕನ ಕಥೆಯನ್ನು ಶಾಲೆಯಲ್ಲಿ ಓದಿದ ಮಕ್ಕಳೇ ನಮ್ಮ ಪೀಠದ ಮುಂದೆ ಕುಳಿತಿರುತ್ತಾರೆ.

ಜಪಸರ ಮಾತೆ ಎಂಬ ಹೆಸರನ್ನು ಲೆಪಾಂತೊ ಕದನದ ಜಯಕ್ಕೆ ಜೋಡಿಸುವವರುಂಟು. ಆ ಕದನ ನಡೆದುದು 1571ರಲ್ಲಿ. ಜಗದ್ಗುರು ಐದನೆಯ ಪಿಯುಸರು ಜಪಸರದ ಕುರಿತು ಪ್ರಸಿದ್ಧ ಆಜ್ಞಾಪತ್ರ ಹೊರಡಿಸಿದುದು ಸಹ 1569ರಲ್ಲಿ. ನಮ್ಮ ದೇವಾಲಯದ ಹೆಸರು ಎರಡಕ್ಕಿಂತಲೂ ಹಳೆಯದು. ಅದರ ಬೇರು ಮಧ್ಯಯುಗದ ಕೊನೆಯಲ್ಲಿ ದೊಮಿನಿಕನ್ನರು ಹರಡಿದ ಜಪಸರ ಸಂಘಗಳಲ್ಲಿದೆ.

ಆ ಮೊದಲ ಕಟ್ಟಡ ಈಗಿಲ್ಲ. ಅಂಥ ಕಟ್ಟಡಗಳ ಜಾಡನ್ನು ತಿಳಿಯಲು ಹಳೆಯ ಗೋವೆಯ ಮೋಂತೆ ಸಾಂತೊ ಗುಡ್ಡದ ಮೇಲಿರುವ, ಇದೇ ಹೆಸರಿನ ದೇವಾಲಯವನ್ನು ನೋಡಬೇಕು. ಅದು 1540ರ ದಶಕದ್ದು. ಒಂದೇ ಅಂಕಣದ ಸಭಾಂಗಣ, ಅದರಿಂದ ಕಮಾನೊಂದರಿಂದ ಬೇರ್ಪಟ್ಟ ಕಿರಿದಾದ ಗರ್ಭಾಂಗಣ, ಪಕ್ಕದ ಬಲಿಪೀಠಗಳು: ಪೋರ್ಚುಗಲ್ಲಿನ ಮಧ್ಯಯುಗದ ಹಳ್ಳಿ ಚರ್ಚುಗಳ ನಕ್ಷೆಯೇ ಹಡಗೇರಿ ಬಂದಂತಿದೆ. ಗೋಡೆಗೆ ಹಗ್ಗ ಸುತ್ತಿದಂತೆ ಕಾಣುವ ಕೆತ್ತನೆ ಮಾನುವೆಲೀನ್ ಶೈಲಿಯದು, ಎಂದರೆ ಗಾಥಿಕ್ ಶೈಲಿಯ ಕೊನೆಯ ಪೋರ್ಚುಗೀಸ್ ರೂಪದ್ದು. ಮುಖಭಾಗದ ದುಂಡು ಗೋಪುರಗಳನ್ನು ದೂರದಿಂದ ಕಂಡವರು ಕೋಟೆಯೆಂದೇ ತಿಳಿದಾರು. ಪ್ರಾರ್ಥನೆಯ ಮನೆ ಹಾಗೇಕೆ ಕಾಣಬೇಕು? ಉತ್ತರ ಪದ್ರುವಾದೊ ವ್ಯವಸ್ಥೆಯಲ್ಲಿದೆ. ದೇವಾಲಯ ಕಟ್ಟುವುದು, ಗುರುಗಳನ್ನು ಪೋಷಿಸುವುದು ಅರಸನ ಹೊಣೆ. ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವುದು ಅರಸನ ಹಕ್ಕು. ಜಗದ್ಗುರುಗಳ ಆಜ್ಞಾಪತ್ರಗಳೇ ಇದಕ್ಕೆ ಆಧಾರ.

ಮಂಗಳೂರಿನ ಹಳೆಯ ಕಟ್ಟಡದ ಕುರುಹಾಗಿ ಉಳಿದಿರುವುದು ಪೋರ್ಚುಗಲ್ ಅರಸರ ಲಾಂಛನ ಕೆತ್ತಿದ ಒಂದು ಕಲ್ಲು. ಆ ಲಾಂಛನದ ನಡುವೆ ಶಿಲುಬೆಯಾಕಾರದಲ್ಲಿ ಜೋಡಿಸಿದ ಐದು ಕಿರುಗುರಾಣಿಗಳು, ಸುತ್ತ ಕೋಟೆಗಳ ಅಂಚು. ಐದು ಗುರಾಣಿಗಳನ್ನು ಕ್ರಿಸ್ತನ ಪಂಚಗಾಯಗಳೆಂದು ಅರ್ಥೈಸುವುದು ಪೋರ್ಚುಗೀಸರ ಪರಂಪರೆ. ಗಾಯಗಳ ಸುತ್ತ ಕೋಟೆ! ಪದ್ರುವಾದೊ ಕುರಿತು ನಾವು ತರಗತಿಯಲ್ಲಿ ವಾರಗಟ್ಟಲೆ ಹೇಳುವುದನ್ನು ಈ ಕಲ್ಲು ಒಂದು ನೋಟದಲ್ಲಿ ಹೇಳುತ್ತದೆ.

ಇದಕ್ಕೆ ಬೇರೊಂದು ದಾರಿಯೂ ಇತ್ತು. ರೋಮಿನ ಪ್ರೊಪಗಾಂದಾ ಫೀದೆಯ ಅಧೀನದಲ್ಲಿ ಬಂದ, ಗೋವೆಯವರೇ ಆದ ತೆಯಾತಿನ್ ಸಭೆಯ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು 1680ರಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. ಅದಕ್ಕೆ ನೆಲವನ್ನು ಕೊಟ್ಟವಳು ಕೆಳದಿಯ ಚೆನ್ನಮ್ಮ. ಒಂದೇ ಊರಿನಲ್ಲಿ ಒಂದು ದೇವಾಲಯ ಪರದೇಶದ ಅರಸನ ಕೋಟೆಯ ಮಗ್ಗುಲಲ್ಲಿ, ಇನ್ನೊಂದು ಮಲೆನಾಡಿನ ವೀರಶೈವ ರಾಣಿಯ ಉಂಬಳಿಯಲ್ಲಿ.

1784ರ ವಿಭೂತಿ ಬುಧವಾರದ ಆಸುಪಾಸಿನಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದೇವಾಲಯಗಳು ನೆಲಸಮವಾದವು, ರೊಸಾರಿಯೊ ಕೂಡ. ಬಂದಿಗಳ ಸಂಖ್ಯೆಯ ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರವಚನದಲ್ಲಿ ದೊಡ್ಡ ಅಂಕಿಯನ್ನೇ ಆರಿಸಿಕೊಳ್ಳುವ ಚಪಲವನ್ನು ಬಿಡುವುದು ಲೇಸು. 1799ರ ಅನಂತರ ಬದುಕುಳಿದವರು ಹಿಂದಿರುಗಿದರು. ರೊಸಾರಿಯೊ ಮರಳಿ ಎದ್ದುದು 1813ರಲ್ಲಿ.

ಈ 1813ನ್ನೇ ನಾವು ದೇವಾಲಯದ ಎರಡನೆಯ ಸ್ಥಾಪನೆ ಎಂದು ಕರೆಯುತ್ತೇವೆ. ಈ ಬಾರಿ ಮಗ್ಗುಲಲ್ಲಿ ಪೋರ್ಚುಗೀಸರ ಕೋಟೆಯಿರಲಿಲ್ಲ, ಊರು ಇಂಗ್ಲಿಷರ ಕೈಯಲ್ಲಿತ್ತು. ಹದಿನೈದು ವರ್ಷ ಬಲಿಪೀಠವಿಲ್ಲದೆ ಬಾಳಿದವರ ಮರಳಿಕೆಯಿಂದಲೇ ಅದು ಸಾಧ್ಯವಾಯಿತು. ಧರ್ಮಕೇಂದ್ರವೆಂದರೆ ಮೊದಲು ಜನಸಮುದಾಯ, ಆಮೇಲೆ ಕಟ್ಟಡವೆಂದು ನಮ್ಮ ಧರ್ಮಸಭೆಯ ಕಾನೂನು ಹೇಳುವುದು 1983ರ ಸಂಹಿತೆಯಲ್ಲಿ. ಮಂಗಳೂರಿನವರು ಅದನ್ನು ಅದಕ್ಕೂ ಮುನ್ನವೇ ಬಾಳಿದ್ದರು.

ಆದರೂ ಅರಸನ ಹಕ್ಕು ಬೇಗ ಸಾಯಲಿಲ್ಲ. 1838ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಪದ್ರುವಾದೊವನ್ನು ಮೊಟಕುಗೊಳಿಸಿದಾಗ ಮಂಗಳೂರಿನ ಗುರುಗಳೂ ಜನರೂ ಗೋವೆಯ ಪಕ್ಷ, ವರಾಪುಳದ ಪಕ್ಷವೆಂದು ಒಡೆದರು. 1845ರಲ್ಲಿ ಮಂಗಳೂರು ಪ್ರತ್ಯೇಕ ಪ್ರೇಷಿತ ಕ್ಷೇತ್ರವಾಯಿತು. 1878ರ ಕೊನೆಯ ದಿನ ಯೇಸುಸಭೆಯವರು ಬಂದಿಳಿದರು. 1886ರಲ್ಲಿ ಧರ್ಮಕ್ಷೇತ್ರ ಸ್ಥಾಪಿತವಾಯಿತು. ಇಂದಿನ ಪ್ರಧಾನಾಲಯ 20ನೇ ಶತಮಾನದ ಎರಡನೆಯ ದಶಕದ್ದು. ಅದರ ಗುಮ್ಮಟ ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ನೆನಪಿಸುತ್ತದೆ. ಲಿಸ್ಬನ್ನಿನ ನಕ್ಷೆ ಹೋಗಿ ರೋಮಿನ ನಕ್ಷೆ ಬಂದಿತು. ಲಾಂಛನದ ಕಲ್ಲನ್ನು ಮಾತ್ರ ಯಾರೂ ಎಸೆಯಲಿಲ್ಲ.