ಅಂಗಳಕ್ಕೆ ಕಾರು ಬಂದ ಕತೆ

ಕುಂದಾಪ್ರ ಬದಿಯ ಹಳೆ ಮನೆಗಳ ಸರಣಿಯಲ್ಲಿ ಈ ಸಲ ಅಂಗಳದ ಸರದಿ. ಒಂಬತ್ತು ಫೋಟೋ, ಒಂಬತ್ತು ತುಣುಕು. ಪುರುಸೊತ್ತು ಮಾಡ್ಕೊಂಡು ಓದಿ. 🌼

*1/9 ಮನೆಗಿಂತ ದೊಡ್ಡ ಅಂಗಳ*

ಬ್ರಹ್ಮಾವರದಿಂದ ಬೈಂದೂರಿನ ತನಕ ಯಾವ ಹಳೆ ಹಂಚಿನ ಮನೆಯನ್ನೇ ಕಾಣಿ, ಎದುರಿನ ಅಂಗಳ ಮನೆಯಷ್ಟೇ ದೊಡ್ಡದು, ಕೆಲವು ಕಡೆ ಮನೆಗಿಂತಲೂ ದೊಡ್ಡದು. ಚಂದಕ್ಕೆ ಅಂತ ಬಿಟ್ಟ ಜಾಗ ಅಲ್ಲ ಅದು. ಮನೆಯ ಅರ್ಧ ಕೆಲಸ ನಡೆಯುತ್ತಿದ್ದದ್ದೇ ಅಲ್ಲಿ. ಮಳೆ ಹೋದ ಮೇಲೆ ಹುಲ್ಲು ಕೆತ್ತಿ, ನೆಲ ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ ಅಂಗಳ ಮಾಡಬೇಕಿತ್ತು. ಆಮೇಲೆ ಗದ್ದೆಯಿಂದ ಕೊಯ್ದ ಸೂಡಿ ಬಂದು ಬೀಳುತ್ತಿತ್ತು. ಹಡಿಮಂಚಕ್ಕೆ ಬಡಿದು ಭತ್ತ ಬೇರೆ, ಹುಲ್ಲು ಬೇರೆ. ಹುಲ್ಲು ಕುತ್ರಿ ಆಗುತ್ತಿತ್ತು, ಭತ್ತ ತಿರಿ ಆಗುತ್ತಿತ್ತು. ಅಕ್ಕಿ ಮುಡಿ ಕಟ್ಟುತ್ತಿದ್ದದ್ದೂ ಅಲ್ಲೇ, ಗೇಣಿ ಲೆಕ್ಕ ಆಗುತ್ತಿದ್ದದ್ದೂ ಅಲ್ಲೇ. ಮದುವೆ ಚಪ್ಪರ, ಹಪ್ಪಳ ಒಣಗಿಸುವ ಚಾಪೆ, ಮಕ್ಕಳ ಆಟ, ಎಲ್ಲದಕ್ಕೂ ಇದ್ದದ್ದು ಅದೊಂದೇ ಜಾಗ.

ಮೊದಲ ಫೋಟೋದಲ್ಲಿ ನಡುವೆ ಕಾಣ್ತಿರುವುದು ತುಳಸಿಕಟ್ಟೆ. ಉಳಿದದ್ದೆಲ್ಲ ಖಾಲಿ ಅಂತ ಕಾಣಿಸುತ್ತೆ, ಆದರೆ ಅದು ಸುಗ್ಗಿಗೆ ಕಾದಿಟ್ಟ ಜಾಗ.

*2/9 ಅಂಚಿನ ಹೂಗು*

ಅಂಗಳದ ನಡು ಭತ್ತಕ್ಕೆ, ಅಂಚು ಹೂವಿಗೆ. ಪೇಟೆಯವರು ಹೇಳುವ ಹಾಗೆ ಗಾರ್ಡನ್ ಅಂತ ಯಾರೂ ಮಾಡಿದ್ದಲ್ಲ. ಬಚ್ಚಲ ನೀರು ಹರಿದು ಹೋಗುವ ಕಡೆ ಅಬ್ಬಲಿಗೆ, ಬಾವಿಕಟ್ಟೆ ಹತ್ತಿರ ನಂದಬಟ್ಲು, ದಣಪೆಯ ಬದಿ ದಾಸವಾಳ, ಬೇಲಿಯಲ್ಲಿ ಗೋರಟೆ, ರತ್ನಗಂಧಿ. ಒಡೆದ ಮಣ್ಣಿನ ಚಟ್ಟಿಯಲ್ಲಿ ಸೇವಂತಿಗೆ. ಬೆಳಿಗ್ಗೆ ದೇವರಿಗೆ ಬೇಕು, ಸಂಜೆ ಮುಡಿಯೋಕೆ ಬೇಕು. ನವರಾತ್ರಿಗೆ ಹೂವಿನಕೋಲಿನ ಮಕ್ಕಳು ಮನೆಮನೆಗೆ ಬಂದಾಗ, ದೀಪಾವಳಿಗೆ ಗದ್ದೆಗೆ ಹೋಗಿ ಬಲೀಂದ್ರನನ್ನು ಕರೆಯುವಾಗ, ಹೊಸ್ತಿನ ದಿನ ತೆನೆ ಮನೆ ತುಂಬಿಸುವಾಗ ಹೂವನ್ನು ಅಂಗಡಿಯಿಂದ ತರುವ ಪದ್ಧತಿ ಇರಲಿಲ್ಲ. ಅಂಚಿಗೆ ಹೋಗಿ ಕೊಯ್ದರೆ ಆಯ್ತು.

ಗಿಡ ಕೊಟ್ಟು ತಗೊಳ್ಳುವ ಲೆಕ್ಕವೂ ಇತ್ತು. ಮದುವೆಯಾಗಿ ಬಂದವಳು ತವರಿನಿಂದ ತಂದ ಗೆಲ್ಲು, ನೆರೆಮನೆಯವರು ಕೊಟ್ಟ ಹಿಳ್ಳು. ಒಂದು ಮನೆಯ ಹೂವಿನ ಸಾಲು ನೋಡಿದರೆ ಆ ಮನೆ ಹೆಂಗಸರು ಯಾವ್ಯಾವ ಊರಿನವರು ಅಂತ ಅಂದಾಜು ಮಾಡಬಹುದಿತ್ತು.

*3/9 ಹೊಳೆ ದಾಟದ ಚಕ್ರ*

ಹಾಗಾದ್ರೆ ಕಾರು ಎಂತಕ್ಕೆ ಇಷ್ಟು ತಡವಾಗಿ ಬಂತು? ಉತ್ತರ ನಕ್ಷೆಯಲ್ಲಿದೆ. ಬ್ರಹ್ಮಾವರದ ತೆಂಕಿಗೆ ಸ್ವರ್ಣೆ, ಬಡಗಿಗೆ ಸೀತೆ. ಕುಂದಾಪುರದ ಮೂರು ಬದಿಗೂ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಅನ್ನುವ ಐದು ಹೊಳೆ ಕೂಡಿ ಪಂಚಗಂಗಾವಳಿ ಆಗಿ ಸಮುದ್ರ ಸೇರುವ ಜಾಗ ಅದು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಕಾಣುತ್ತೆ. ದೋಣಿಯಲ್ಲಾದರೆ ಎಲೆ ಅಡಿಕೆ ಹಾಕಿ ಮುಗಿಸುವುದರೊಳಗೆ ಆಚೆ ದಡ. ರಸ್ತೆಯಲ್ಲಾದರೆ ಹೆಮ್ಮಾಡಿ, ತ್ರಾಸಿ ಅಂತ ಸುತ್ತಿ ಹೋಗಬೇಕು.

ಸೇತುವೆಗಳು ಆಗುವ ತನಕ ಮೋಟಾರು ಇದ್ದವನಿಗೂ ಹೊಳೆ ಬಾಗಿಲು ಹಾಕಿದ ಹಾಗೆ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ವಾಹನ ಏರಿಸಿ ದಾಟಿಸಬೇಕಿತ್ತು. ಮಳೆಗಾಲದಲ್ಲಿ ನೆರೆ ಬಂದರೆ ಅದೂ ಇಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 1908ರಿಂದ 1927ರ ಒಳಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರು ಮಾಡಿ ಮುಗಿಸಿತ್ತು. ಆ ಹೊತ್ತಿಗೆ ನಮ್ಮ ಬದಿಯ ಹೆಚ್ಚಿನ ಮನೆಗೆ ಎತ್ತಿನ ಗಾಡಿ ಬರುವ ದಾರಿಯೂ ಇರಲಿಲ್ಲ. ಗದ್ದೆಯ ಅಂಚೇ ದಾರಿ.

*4/9 ಮೊದಲು ಬಂದದ್ದು ಬಸ್ಸು*

ಕರಾವಳಿಯ ಜನಕ್ಕೆ ಮೋಟಾರು ಅಂದರೆ ಮೊದಲು ಬಸ್ಸು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಶುರುವಾಯ್ತು. ಹಳಬರ ಬಾಯಲ್ಲಿ ಅದು ಸಿ.ಪಿ.ಸಿ. ಬಸ್ಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಸುಟ್ಟು ಬಂದ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಚಡಾವು ಬಂದರೆ ಜನ ಇಳಿದು ನೂಕಬೇಕು.

ಇನ್ನೊಂದು ಗಡಿ ಇತ್ತು, ಈಗಿನವರಿಗೆ ಅದು ಮರೆತೇ ಹೋಗಿದೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳೀತು. ಬೈಂದೂರು ದಾಟಿ ಶಿರೂರು ಮುಗಿಯಿತೋ, ಭಟ್ಕಳದ ಬದಿ ಬೇರೆ ಸರಕಾರ. 1939ರ ಮೋಟಾರು ಕಾಯ್ದೆಯಲ್ಲಿ ಒಂದು ಪ್ರಾಂತ್ಯದ ಬಸ್ಸಿನ ಪರ್ಮಿಟ್ಟು ಇನ್ನೊಂದರಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. 1956ರ ನವೆಂಬರ್ 1ರಂದು ಎರಡೂ ಜಿಲ್ಲೆ ಒಂದೇ ರಾಜ್ಯಕ್ಕೆ ಬಂದವು. ರೈಲಂತೂ ಇನ್ನೂ ತಡ. ಕೊಂಕಣ ರೈಲ್ವೆಯ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ಕ್ಕೆ.

ಈ ಬಸ್ಸುಗಳು ಹೂವಿಗೂ ದಾರಿ ಮಾಡಿಕೊಟ್ಟವು. ಶಂಕರಪುರದ ಮಲ್ಲಿಗೆ ಕಟ್ಟು ಬಸ್ಸಿನಲ್ಲೇ ಊರೂರಿಗೆ ಹೋಯ್ತು, ಮುಂಬೈಗೂ ಹೋಯ್ತು. ಬಾಳೆನಾರಿನಲ್ಲಿ ಕಟ್ಟಿದ 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಮೊಗ್ಗು. ಅಷ್ಟನ್ನೂ ಅರಳುವ ಮೊದಲೇ, ಬೆಳಿಗ್ಗೆಯೇ ಕೊಯ್ದು ಕಟ್ಟಬೇಕು. ಅದು ಮನೆ ಹೆಂಗಸರ ಕೈಗೆ ಬಂದ ದುಡ್ಡು. ಉಡುಪಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

*5/9 ಅಂಬಾಸಿಡರ್, ಪದ್ಮಿನಿ*

ಐದನೇ ಫೋಟೋ ನೋಡಿ ಎಷ್ಟು ಜನಕ್ಕೆ ಹೊಟ್ಟೆ ತೊಳಸಿದ ನೆನಪು ಬಂತು? 😄 ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಗೆ ಅಂಬಾಸಿಡರ್ ತಂತು. ಇಟಲಿಯ ಫಿಯೆಟ್ 1100 ಇಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. ಹಳೆ ಮಾದರಿಗಳಲ್ಲಿ ಗೇರು ಸ್ಟೇರಿಂಗಿನ ಪಕ್ಕದಲ್ಲೇ, ಮುಂದಿನ ಸೀಟು ಒಂದೇ ಉದ್ದದ ಬೆಂಚು. ಹಾಗಾಗಿ ಡ್ರೈವರಿನ ಬದಿಯಲ್ಲೂ ಮೂರು ಜನ.

ಮನೆಗೊಂದು ಕಾರು ಅನ್ನುವ ಕಾಲ ಅಲ್ಲ ಅದು. ಊರಿಗೆ ಒಂದೋ ಎರಡೋ ಬಾಡಿಗೆ ಕಾರು. ದಿಬ್ಬಣಕ್ಕೆ ಅದೇ, ಹೆರಿಗೆಗೆ ಅದೇ, ಕೊಲ್ಲೂರಿಗೆ ಹೋಪುದಿದ್ರೂ ಅದೇ. ಮದುವೆ ದಿನ ಬಾನೆಟ್ಟಿಗೆ ಅಂಗಳದ್ದೇ ಅಬ್ಬಲಿಗೆ ಮಾಲೆ. ಉಳಿದ ದಿನ ಡ್ರೈವರು ಬೆಳಿಗ್ಗೆ ಗಾಡಿ ತೊಳೆದು ಒಂದು ತುಂಡು ಹೂವು ಸಿಕ್ಕಿಸದೆ ಸ್ಟ್ಯಾಂಡಿಗೆ ಬರುತ್ತಿರಲಿಲ್ಲ. ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋದ ನಮ್ಮ ಬದಿಯ ಎಷ್ಟೋ ಜನ ಮೊದಲ ಸಲ ಕಾರಲ್ಲಿ ಕೂತದ್ದು ಅಲ್ಲಿನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಯಲ್ಲಿ. 2014ರಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು.

*6/9 ಮಂಜೂಷಾದಲ್ಲಿ ಒಂದು ಮಧ್ಯಾಹ್ನ*

ಹಳೆ ಕಾರು ನೋಡಬೇಕು ಅಂದ್ರೆ ನಮ್ಮ ಬದಿಯವರಿಗೆ ಹತ್ತಿರದ ಜಾಗ ಧರ್ಮಸ್ಥಳ. ಡಾ. ವೀರೇಂದ್ರ ಹೆಗ್ಗಡೆಯವರ ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೇ ಹಳೆ ವಾಹನಗಳ ಸಂಗ್ರಹ ಇದೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ನಾನು ಹೆಡ್‌ಲೈಟು, ಕಡ್ಡಿ ಚಕ್ರ, ಫುಟ್‌ಬೋರ್ಡು ಅಂತ ಫೋಟೋ ತೆಗೀತಾ ಇದ್ದೆ. ಅಮ್ಮ ಎಲ್ಲ ನೋಡಿ ಒಂದೇ ಮಾತು ಕೇಳಿದ್ರು: "ಇಷ್ಟ್ ಚಂದದ್ ಕಾರಿಗೆ ಒಂದ್ ಹೂಗೂ ಇಲ್ಯಲ್ಲಾ ಮಗಾ?"

ಸರಿ ಅಲ್ದಾ ಮಾರ್ರೆ. ಸಂಗ್ರಹಾಲಯದ ಕಾರಿಗೆ ಹೂವಿನ ನೀರು ತಾಗಬಾರದು, ತೇವ ಆಗಬಾರದು. ಕಬ್ಬಿಣಕ್ಕೆ ನಮ್ಮ ಹವೆಯೇ ವೈರಿ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಹೊರಗೆ ನಿಲ್ಲಿಸಿಟ್ಟ ಹಳೆ ಕಾರು ಇಲ್ಲಿ ಕೆಳಗಿನಿಂದ ತುಕ್ಕು ಹಿಡಿದು ಹೋಗುತ್ತೆ. ಆದ್ದರಿಂದ ಮಾಡಿನ ಕೆಳಗೆ, ಒಣಗಿದ ಜಾಗದಲ್ಲಿ ನಿಲ್ಲಿಸಿ, ಒರೆಸಿ ಕಾಪಾಡಬೇಕು. ಹಾಗೆ ಕಾಪಾಡಿದರೆ ಐವತ್ತು ವರ್ಷ ಬಿಟ್ಟು ಬಂದವರಿಗೂ ಅದೇ ಕಾರು ಕಾಣಸಿಗುತ್ತೆ.

*7/9 ಹೆಮ್ಮಾಡಿ ಸೇವಂತಿಗೆ*

ಹೂವಿನದ್ದು ಹಾಗಲ್ಲ. ನಮ್ಮ ತಾಲೂಕಿನ ಹೆಸರು ಹೊತ್ತ ಹೂವು ಒಂದಿದ್ದರೆ ಅದು ಹೆಮ್ಮಾಡಿ ಸೇವಂತಿಗೆ. ಹಳದಿ ಬಣ್ಣ, ಸಣ್ಣ ಹೂವು, ಘಮ ಜೋರು. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆ. ಆ ದಿನ ಅಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಈ ಹೂವೇ. ಹರಕೆ ಅಂದರೆ ಸೇವಂತಿಗೆ ಅನ್ನುವಷ್ಟು.

ಜಾತ್ರೆ ಹೊತ್ತಿಗೆ ಸರಿಯಾಗಿ ಇದು ಹೂ ಬಿಡುವುದು ಹೇಗೆ? ಸೇವಂತಿಗೆ ರಾತ್ರಿ ಲೆಕ್ಕ ಹಾಕುವ ಗಿಡ. ಹಗಲು ಗಿಡ್ಡ ಆಗಿ ರಾತ್ರಿ ಉದ್ದ ಆಗ್ತಾ ಬಂದಾಗ ಮೊಗ್ಗು ಕಟ್ಟುತ್ತೆ. ನಡುರಾತ್ರಿ ಬೆಳಕು ಬಿದ್ದರೆ ಅದಕ್ಕೆ ಲೆಕ್ಕ ತಪ್ಪುತ್ತೆ, ಮೊಗ್ಗು ತಡ ಆಗುತ್ತೆ. ಪಾಲಿಹೌಸಿನಲ್ಲಿ ಬೆಳೆಯುವವರು ಬೇಕಂತಲೇ ಬಲ್ಬು ಹಾಕಿ ಹೂವನ್ನು ಮುಂದೂಡುವುದು ಇದೇ ಉಪಾಯದಿಂದ. (ಮನೆಯಲ್ಲಿ ಸೇವಂತಿಗೆ ಚಟ್ಟಿ ಇದ್ದವರು ಗೇಟಿನ ಲೈಟಿನ ಕೆಳಗೆ ಇಡಬೇಡಿ.)

ಬೀಜದಿಂದ ಅದೇ ಹೂವು ಬರುತ್ತೆ ಅನ್ನುವ ಭರವಸೆ ಇಲ್ಲ. ಹೂವು ಮುಗಿದ ಮೇಲೆ ಬುಡದಿಂದ ಏಳುವ ಹಿಳ್ಳನ್ನು ಯಾರಾದರೂ ಕಿತ್ತು ಬೇರೆ ನೆಡಬೇಕು. ಬೇಸಗೆಗೆ ನೀರು ಕೊಡಬೇಕು, ಮಳೆಗಾಲದಲ್ಲಿ ಬುಡ ಕೊಳೆಯದ ಹಾಗೆ ನೋಡಿಕೊಳ್ಳಬೇಕು. ಒಂದು ಊರಿನವರು ಒಂದು ಮಳೆಗಾಲ ಇದನ್ನು ಬಿಟ್ಟರೆ ಮುಂದಿನ ಸಂಕ್ರಾಂತಿಗೆ ಆ ಊರಿನ ಹೂವು ಇಲ್ಲ. ಇದಕ್ಕೆ ಗಾಜಿನ ಪೆಟ್ಟಿಗೆ ಆಗುವುದಿಲ್ಲ.

*8/9 ಇಂಟರ್‌ಲಾಕ್ ಬಂದ ಮೇಲೆ*

1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿನವರಿಗೆ ಗದ್ದೆ ಸ್ವಂತ ಆಯ್ತು. ಮುಂಬೈ, ಬೆಂಗಳೂರು, ಗಲ್ಫ್ ದುಡ್ಡು ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಕಾರು ನಿಧಾನಕ್ಕೆ ಮಧ್ಯಮ ವರ್ಗದ ಕೈಗೆ ಎಟುಕಿತು. ಗದ್ದೆ ಅಂಚು ಅಗಲ ಆಗಿ ಮಣ್ಣಿನ ರಸ್ತೆ ಆಯ್ತು, ಆಮೇಲೆ ಕಾಂಕ್ರೀಟು. ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಮನೆ ಬಾಗಿಲಲ್ಲೇ ಕಾರು ಇರುವುದು ಎಷ್ಟು ದೊಡ್ಡ ವಿಷಯ ಅಂತ, ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಗದ್ದೆ ಅಂಚಲ್ಲಿ ಹೊತ್ತ ತಲೆಮಾರಿಗೆ ಗೊತ್ತು. ಆ ಸುಖವನ್ನು ಬೈಯುವ ಮನಸ್ಸು ನನಗಿಲ್ಲ.

ಆದರೆ ಕಾರು ಬಂದು ನಿಂತದ್ದು ಎಲ್ಲಿ? ಅಂಗಳದಲ್ಲಿ. ಬೇಸಾಯ ಬಿಟ್ಟ ಮನೆಗೆ ಹಡಿಮಂಚ ಬೇಡ, ತಿರಿ ಬೇಡ. ಸಗಣಿಗೆ ದನವೂ ಇಲ್ಲ. ಮಳೆಗೆ ಟಯರು ಹೂತು ಹೋಗುತ್ತೆ ಅಂತ ಇಂಟರ್‌ಲಾಕ್ ಹಾಕಿಸಿದೆವು. ತಿರುಗಿಸೋಕೆ ಜಾಗ ಸಾಲದು ಅಂತ ಅಂಚಿನ ತನಕ ಹಾಕಿಸಿದೆವು. ನಡುವಿನ ಭತ್ತ ಮೊದಲೇ ಹೋಗಿತ್ತು, ಅಂಚಿನ ಹೂವು ಆಗ ಹೋಯ್ತು.

ಲೆಕ್ಕ ಹಾಕಿ ನೋಡಿ. ಒಂದು ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, 1.7 ಮೀಟರ್ ಅಗಲ. ಅದು ನಿಲ್ಲುವ ಜಾಗವೇ ಏಳು ಚದರ ಮೀಟರ್ ದಾಟುತ್ತೆ. ಅಡಿಗೊಂದು ಗಿಡದಂತೆ ನೆಟ್ಟರೆ ಅಷ್ಟರಲ್ಲಿ 75 ಸೇವಂತಿಗೆ ಗಿಡ ಆಗುತ್ತೆ. ಒಂದು ಕಾರಿಗೆ ಅಷ್ಟು ಕೊಡಬಹುದು, ಕೊಡೋಣ. ಕಾರು ನಿಲ್ಲದ, ಚಕ್ರ ಹೋಗದ ಜಾಗಕ್ಕೂ ಕಲ್ಲು ಹಾಕಿದ್ದು ಎಂತಕ್ಕೆ ಅಂತ ಮಾತ್ರ ಕೇಳಬೇಕು.

*9/9 ಕೊನೆ ಫೋಟೋ*

ಇದು ಈ ವರ್ಷದ್ದೇ. ಇಂಟರ್‌ಲಾಕ್ ಅಂಗಳ, ಬಿಳಿ ಕಾರು, ಗೋಡೆ ಬುಡದಲ್ಲಿ ಎರಡು ಸಾಲು ಕಲ್ಲು ಎಬ್ಬಿಸಿದ ಜಾಗ. ಅದರಲ್ಲಿ ಅಬ್ಬಲಿಗೆ, ಗೋರಟೆ, ಹೆಮ್ಮಾಡಿಯಿಂದ ತಂದ ಹನ್ನೆರಡು ಹಿಳ್ಳು. ಎಬ್ಬಿಸೋಕೆ ಹಾರೆಯೊಂದು ಸಾಕಾಯ್ತು, ಅರ್ಧ ದಿನ ಹಿಡಿಯಿತು. ಮಳೆನೀರು ಇಳಿಯೋಕೂ ಅಷ್ಟು ಜಾಗ ಆಯ್ತು.

ಧರ್ಮಸ್ಥಳದಲ್ಲಿ ಕಾರು ಕಾಯಲು ಜನ ಇದ್ದಾರೆ. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಗಿಡದ ರೋಗಕ್ಕೆ ಅಲ್ಲಿ ಹೋಗಿ ಕೇಳಬಹುದು. ಆದರೆ ಪ್ರತಿ ವರ್ಷ ಹಿಳ್ಳು ಕಿತ್ತು ನೆಡುವ ಕೆಲಸ ಮನೆಯವರದ್ದೇ. ಹೆಮ್ಮಾಡಿ ಸುತ್ತ ಅದನ್ನು ಮಾಡುವ ಮನೆಗಳು ಕಮ್ಮಿ ಆಗ್ತಾ ಬಂದಿವೆ. ಸಂಕ್ರಾಂತಿ ಕಳೆದ ಮೇಲೆ ಆ ಬದಿಗೆ ಹೋದರೆ ಹೂವಿನ ಜೊತೆ ನಾಲ್ಕು ಹಿಳ್ಳೂ ಕೇಳಿ ತಗೊಂಡು ಬನ್ನಿ.

ನಿಮ್ಮನೆ ಅಂಗಳದಲ್ಲಿ ಮೊದಲ ಕಾರು ನಿಂತ ಹಳೆ ಫೋಟೋ ಇದ್ರೆ ಕಳಿಸಿ. ಕಾರಿನ ಹಿಂದೆ ಯಾವ ಹೂವಿತ್ತು ಅಂತ ಒಟ್ಟಿಗೆ ಕಾಂಬ. 🌼

#ಕುಂದಾಪ್ರ #ಬೈಂದೂರು #ಬ್ರಹ್ಮಾವರ #ಹೆಮ್ಮಾಡಿಸೇವಂತಿಗೆ #ಹಳೆಕಾರು #ಅಂಗಳ