ಭತ್ಯೆ ಮತ್ತು ಸಾಲದ ನಡುವೆ: ಯುವಜನರ ಸ್ವಾವಲಂಬನೆಯ ನೀತಿಗಳಲ್ಲೊಂದು ಒಳವಿರೋಧ

ಕರ್ನಾಟಕದ ಯುವನಿಧಿ ಯೋಜನೆಯ ಹಣ ಮೊದಲು ಬಿಡುಗಡೆಯಾದದ್ದು 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಯುವಮತದಾರರನ್ನು ಸೆಳೆಯುವ ತಂತ್ರವೆಂದು ಇದನ್ನು ತಳ್ಳಿಹಾಕುವುದು ಸುಲಭ. ಅದಕ್ಕಿಂತ ಗಂಭೀರವಾದ ತೊಡಕು ಅರ್ಹತೆಯ ನಿಯಮಗಳಲ್ಲೇ ಇದೆ. ಸ್ವಯಂ ಉದ್ಯೋಗಕ್ಕೆಂದು ಸರ್ಕಾರಿ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ಪಡೆದವರಿಗೆ ಭತ್ಯೆ ಇಲ್ಲ. ನೌಕರಿಗಾಗಿ ಕಾದು ಕುಳಿತವನಿಗೆ ಹಣ ಸಿಗುತ್ತದೆ. ಸಾಲ ಮಾಡಿ ಅಂಗಡಿ ತೆರೆದವಳು ಮೊದಲ ಗಿರಾಕಿ ಬರುವ ಮುನ್ನವೇ ಅದನ್ನು ಕಳೆದುಕೊಳ್ಳುತ್ತಾಳೆ. ಸಾಲವನ್ನು ಆದಾಯವೆಂದು ಎಣಿಸಿದ್ದರ ಫಲವಿದು.

ಸ್ವಯಂ ಉದ್ಯೋಗಕ್ಕೆ ಬ್ಯಾಂಕ್ ಸಾಲದೊಂದಿಗೆ ಸಹಾಯಧನ ಕೊಡುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಲೆಕ್ಕ ನೋಡಿದರೆ ಈ ತೊಡಕು ಇನ್ನಷ್ಟು ಸ್ಪಷ್ಟ. ಗ್ರಾಮೀಣ ಭಾಗದ ಸಾಮಾನ್ಯ ವರ್ಗದ ಅರ್ಜಿದಾರರು ಯೋಜನಾ ವೆಚ್ಚದ ಶೇ 10ರಷ್ಟನ್ನು ಕೈಯಿಂದ ಹಾಕಬೇಕು. ಶೇ 25ರಷ್ಟು ಸಹಾಯಧನವಿದೆ ನಿಜ, ಆದರೆ ಅದು ಅವರ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಘಟಕ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಈ ಏರ್ಪಾಡು ಸರಿಯೇ. ಹೊಸಬರಿಗೆ ಹಣದ ತೀವ್ರ ಮುಗ್ಗಟ್ಟು ಎದುರಾಗುವುದು ಮಾತ್ರ ಆ ಆರಂಭದ ತಿಂಗಳುಗಳಲ್ಲೇ.

ಈ ಅವಧಿಯನ್ನು ಸರಿಯಾಗಿ ಗುರುತಿಸಿದ ಸಂಸ್ಥೆಯೊಂದು ನಮ್ಮಲ್ಲೇ ಇದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದೊಂದಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್, ಊಟ ವಸತಿಯೊಂದಿಗೆ ಉಚಿತವಾಗಿ ಸ್ವಯಂ ಉದ್ಯೋಗದ ಅಲ್ಪಾವಧಿ ತರಬೇತಿ ಕೊಡುತ್ತದೆ. ಹಿಂದಿನ ದಿನ ಕಲಿತದ್ದನ್ನು ಶಿಬಿರಾರ್ಥಿ ಮರುದಿನ ಬೆಳಗ್ಗೆ ಎಲ್ಲರೆದುರು ನಿಂತು ಹೇಳಬೇಕು. ಮುಂದೆ ಬ್ಯಾಂಕಿನ ವ್ಯವಸ್ಥಾಪಕರ ಎದುರು ಮಾತಾಡಬೇಕಾದವರಿಗೆ ಹೊಲಿಗೆ, ಮೊಬೈಲ್ ರಿಪೇರಿಯಷ್ಟೇ ಮುಖ್ಯವಾದ ಪಾಠವಿದು. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆ ಅವರ ಬೆನ್ನಿಗಿರುತ್ತದೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಜಿಲ್ಲೆಗೊಂದು ಆರ್‌ಸೆಟಿ ಎಂದು ದೇಶಕ್ಕೆಲ್ಲ ವಿಸ್ತರಿಸಿತು.

ಎರಡು ವರ್ಷದ ಬೆಂಬಲ ಆರ್‌ಸೆಟಿಯಲ್ಲಿದೆ, ಎರಡು ವರ್ಷದ ಭತ್ಯೆ ಯುವನಿಧಿಯಲ್ಲಿದೆ. ಒಂದಕ್ಕೊಂದು ಕೊಂಡಿ ಮಾತ್ರ ಇಲ್ಲ. ಆರ್‌ಸೆಟಿಯಲ್ಲಿ ಕಲಿತು ಸಾಲ ಪಡೆದ ಯುವನಿಧಿ ಫಲಾನುಭವಿಗೆ ಉಳಿದ ತಿಂಗಳುಗಳ ಭತ್ಯೆಯನ್ನು ಮುಂದುವರಿಸಬಹುದು. ನಿರುದ್ಯೋಗಿಯಾಗಿಯೇ ಉಳಿದಿದ್ದರೂ ಸರ್ಕಾರ ಆ ಹಣವನ್ನು ಕೊಡಲೇಬೇಕಿತ್ತು.